ಗುಜರಿಯ ಪ್ರೊಪೆಲ್ಲರ್ ಬ್ಲೇಡ್ ಯಾವ ವಿಮಾನದ್ದು? ಮೂಲ ಪತ್ತೆ ಹಚ್ಚುವ ಬಗೆ

ಬೆಳಗಾವಿಯ ಸುತ್ತಮುತ್ತ ವಿಮಾನದ ಹಳೆಯ ಪ್ರೊಪೆಲ್ಲರ್ ಬ್ಲೇಡ್ ಎಲ್ಲಿ ಕಂಡರೂ ಅದರ ಜೊತೆಗೊಂದು ಕಥೆ ಸಿದ್ಧವಾಗಿಯೇ ಇರುತ್ತದೆ. ಮಹಾಯುದ್ಧದ ಕಾಲದಲ್ಲಿ ಸಾಂಬ್ರಾದಿಂದ ಹಾರಿದ ಬ್ರಿಟಿಷರ ವಿಮಾನ ಇಂತಿಂಥ ಹೊಲದಲ್ಲಿ ಬಿತ್ತು, ಅದರ ಪಂಖ ಇದು ಎನ್ನುತ್ತಾರೆ. ಸಾಂಬ್ರಾದ ವಿಮಾನ ನಿಲ್ದಾಣವನ್ನು ಬ್ರಿಟಿಷ್ ವಾಯುಪಡೆ 1942ರಲ್ಲಿ ಕಟ್ಟಿದ್ದು ನಿಜ, ಹಾಗಾಗಿ ಕಥೆ ನಂಬುವಂತೆಯೂ ಇರುತ್ತದೆ. ಆದರೆ ಯುದ್ಧ ಮುಗಿದ ಮೇಲೆ ದೇಶದಲ್ಲಿ ಮಿಕ್ಕಿದ ಸೇನಾ ಸಾಮಾನನ್ನು ಸರ್ಕಾರ 'ಡಿಸ್ಪೋಸಲ್' ಎಂದು ಮಾರಿತು. ಆಮೇಲೆಯೂ ಸೇವೆ ಮುಗಿಸಿದ ವಿಮಾನಗಳ ಭಾಗಗಳು ಗುಜರಿ ಸೇರುತ್ತಲೇ ಬಂದವು. ಉದ್ಯಮಬಾಗ್‌ನಂತಹ ಎರಕದ ಕಾರ್ಖಾನೆಗಳ ಪ್ರದೇಶಕ್ಕೆ ಲೋಹದ ಗುಜರಿ ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬರುತ್ತದೆ. ಬ್ಲೇಡ್ ಬೆಳಗಾವಿಯಲ್ಲಿ ಸಿಕ್ಕಿತು ಎಂಬ ಮಾತ್ರಕ್ಕೆ ಅದು ಬೆಳಗಾವಿಯ ಆಕಾಶದಲ್ಲಿ ಹಾರಿತ್ತು ಎಂದಾಗುವುದಿಲ್ಲ.

ಹುಡುಕಾಟ ಶುರುಮಾಡುವ ಮೊದಲು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ಬ್ಲೇಡನ್ನು ತಯಾರಿಸಿದವರು ಯಾರು? ಅದನ್ನು ಯಾವ ಯಾವ ಮಾದರಿಯ ವಿಮಾನಗಳಿಗೆ ಜೋಡಿಸುತ್ತಿದ್ದರು? ಕೈಯಲ್ಲಿರುವ ಈ ಒಂದು ಬ್ಲೇಡ್ ಯಾವ ಒಂದು ವಿಮಾನದಿಂದ ಕಳಚಿ ಬಂತು? ಮೊದಲನೆಯದಕ್ಕೆ ಬ್ಲೇಡೇ ಬಹಳ ಸಲ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಒಂದು ಪಟ್ಟಿ ಸಿಗುತ್ತದೆ. ಮೂರನೆಯದಕ್ಕೆ ಕಾಗದಪತ್ರ ಬೇಕು, ಅದು ಸಿಗುವುದು ಅಪರೂಪ. ಜನ ಮೊದಲನೆಯ ಉತ್ತರ ಸಿಕ್ಕ ಕೂಡಲೇ ಮೂರನೆಯದನ್ನು ಘೋಷಿಸಿಬಿಡುತ್ತಾರೆ. ಗೊಂದಲ ಹುಟ್ಟುವುದು ಅಲ್ಲಿಯೇ.

ಮೊದಲು: ಗ್ರೈಂಡರ್ ದೂರವಿಡಿ

ವರ್ಕ್‌ಶಾಪ್ ಇರುವ ಊರಿನಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಬ್ಲೇಡ್ ಬಂದ ಕೂಡಲೇ ಅದನ್ನು ಬಫ್ ಮಾಡಿ ಕನ್ನಡಿಯಂತೆ ಹೊಳೆಸುವ ಚಪಲ ಎಲ್ಲರಿಗೂ ಇರುತ್ತದೆ. ಹಾಗೆ ಹೊಳೆಸಿದ ಬ್ಲೇಡ್ ಗೋಡೆಗೆ ಚೆನ್ನ, ಆದರೆ ಅದರ ಗುರುತು ಹೋದಂತೆಯೇ. ಬಣ್ಣದಲ್ಲಿ ಬರೆದ ಅಕ್ಷರಗಳು, ಕಂಪನಿಯ ಮುದ್ರೆ, ತುದಿಯ ಪಟ್ಟಿ, ಅಷ್ಟೇನೂ ಆಳವಿಲ್ಲದ ಪಂಚ್ ಗುರುತು ಎಲ್ಲವೂ ಮೊದಲ ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತವೆ.

ಆರೋಗ್ಯದ ಪ್ರಶ್ನೆಯೂ ಇದೆ. ಹಳೆಯ ವಿಮಾನಗಳ ಬಣ್ಣದಲ್ಲಿ ಸೀಸ ಇರಬಹುದು. ಬಣ್ಣದ ಕೆಳಗಿನ ಹಳದಿ-ಹಸಿರು ಪ್ರೈಮರ್‌ನಲ್ಲಿ ಜಿಂಕ್ ಕ್ರೋಮೇಟ್ ಇರುತ್ತದೆ, ಅದರ ಧೂಳು ಉಸಿರಿನೊಂದಿಗೆ ಒಳಗೆ ಹೋಗಬಾರದು. ಕೆಲವು ಬ್ರಿಟಿಷ್ ಬ್ಲೇಡ್‌ಗಳನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿಯೂ ಮಾಡಿದ್ದರು. ಕಣ್ಣಿಗೆ ಅದು ಅಲ್ಯೂಮಿನಿಯಂನಂತೆಯೇ ಕಾಣುತ್ತದೆ, ಆದರೆ ಅದರ ಪುಡಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ನೀರು ಸುರಿದರೆ ಇನ್ನಷ್ಟು ಉರಿಯುತ್ತದೆ. ಹಾಗಾಗಿ ಕೊರೆಯುವುದು, ಉಜ್ಜುವುದು, ವೆಲ್ಡಿಂಗ್ ಮಾಡುವುದು ಯಾವುದೂ ಬೇಡ.

ತೊಳೆಯಲು ಸಾಬೂನಿನ ನೀರು, ಮೆತ್ತನೆಯ ಬ್ರಷ್, ಹಳೆಯ ಬಟ್ಟೆ ಸಾಕು. ಬುಡದಲ್ಲಿ ಗಟ್ಟಿಯಾದ ಗ್ರೀಸ್ ಇದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ರಾತ್ರಿ ಸುತ್ತಿಟ್ಟು, ಬೆಳಿಗ್ಗೆ ಮರದ ಚಕ್ಕೆಯಿಂದ ಕೆರೆಯಿರಿ. ಮರದ ಬ್ಲೇಡಾದರೆ ನೀರನ್ನೂ ಸೀಮೆಎಣ್ಣೆಯನ್ನೂ ತಾಗಿಸಬೇಡಿ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಬ್ಲೇಡ್ ಹೊಲದಲ್ಲಿಯೋ ಗುಡ್ಡದಲ್ಲಿಯೋ ಸಿಕ್ಕಿದ್ದರೆ, ಮುರಿತ ಹೊಸದಾಗಿ ಕಂಡರೆ, ಸುತ್ತ ಬೇರೆ ತುಂಡುಗಳೂ ಬಿದ್ದಿದ್ದರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಅಂತಹ ಜಾಗದಲ್ಲಿ ಸಿಡಿಯುವ ವಸ್ತುಗಳೂ ಇರಬಹುದು.

ಇದು ವಿಮಾನದ್ದೇ ಹೌದೇ?

ನಮ್ಮ ಭಾಗದಲ್ಲಿ ಈ ಪ್ರಶ್ನೆ ಕೇಳಿಕೊಳ್ಳಲೇಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಸಕ್ಕರೆ ಕಾರ್ಖಾನೆಗಳ ಜಿಲ್ಲೆಗಳು. ಕಾರ್ಖಾನೆ ಎಂದಮೇಲೆ ಕೂಲಿಂಗ್ ಟವರ್ ಇರುತ್ತದೆ, ಅದರ ಮೇಲೆ ಹಲವಾರು ಅಡಿ ಅಗಲದ ಫ್ಯಾನ್ ಇರುತ್ತದೆ. ಬದಲಾಯಿಸಿದ ಫ್ಯಾನಿನ ಹಳೆಯ ಬ್ಲೇಡ್ ಗುಜರಿಗೆ ಬಂದಾಗ 'ವಿಮಾನದ ರೆಕ್ಕೆ' ಎಂಬ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ, ಬೆಲೆಯೂ ಏರುತ್ತದೆ.

ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಕೂಲಿಂಗ್ ಟವರ್ ಬ್ಲೇಡ್ ಸಾಮಾನ್ಯವಾಗಿ ಫೈಬರ್‌ನದು ಅಥವಾ ಎರಕದ ಅಲ್ಯೂಮಿನಿಯಂನದು. ಫೈಬರ್‌ನದಾದರೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಎರಕದ್ದಾದರೆ ಅಚ್ಚಿನ ಎರಡು ಭಾಗಗಳು ಕೂಡಿದ ಗೆರೆ, ಮರಳಿನ ಒರಟು ಮೈ ಎಲ್ಲಾದರೂ ಉಳಿದಿರುತ್ತದೆ. ಎರಕದ ಕೆಲಸ ಬಲ್ಲವರು ನೋಡಿದ ಕೂಡಲೇ ಹೇಳಿಬಿಡುತ್ತಾರೆ. ವಿಮಾನದ ಅಲ್ಯೂಮಿನಿಯಂ ಬ್ಲೇಡನ್ನು ಎರಕ ಹೊಯ್ಯುವುದಿಲ್ಲ. ಡ್ಯುರಾಲುಮಿನ್ ಜಾತಿಯ ಮಿಶ್ರಲೋಹವನ್ನು ಫೋರ್ಜಿಂಗ್‌ನಲ್ಲಿ ಬಡಿದು, ಆಮೇಲೆ ಕಡೆದು, ನುಣುಪು ಮಾಡಿರುತ್ತಾರೆ. ಮೈಯಲ್ಲಿ ಎರಕದ ಗುಳ್ಳೆಯ ತೂತು ಒಂದೂ ಇರುವುದಿಲ್ಲ.

ಇನ್ನೊಂದು ಲಕ್ಷಣ ತಿರುಚು. ಬ್ಲೇಡನ್ನು ನೆಲದ ಮೇಲೆ ಮಲಗಿಸಿ ಬುಡದ ಕಡೆಯಿಂದ ತುದಿಯವರೆಗೆ ಒಂದೇ ಕಣ್ಣಿನಲ್ಲಿ ನೋಡಿ. ಬುಡದ ಹತ್ತಿರ ಅದು ಹೆಚ್ಚು ಎದ್ದು ನಿಂತಿರುತ್ತದೆ, ತುದಿಗೆ ಹೋಗುತ್ತ ಚಪ್ಪಟೆಯಾಗುತ್ತದೆ. ತುದಿಯ ವೇಗ ಹೆಚ್ಚು, ಬುಡದ ವೇಗ ಕಡಿಮೆ. ಎರಡೂ ಕಡೆ ಗಾಳಿಯನ್ನು ಸರಿಯಾದ ಕೋನದಲ್ಲಿ ಕಚ್ಚಬೇಕೆಂದರೆ ಈ ತಿರುಚು ಬೇಕೇ ಬೇಕು. ಜೊತೆಗೆ ಒಂದು ಮೈ ಉಬ್ಬು, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ಒಂದು ಅಂಚು ದುಂಡು, ಇನ್ನೊಂದು ತೆಳುವು. ದಪ್ಪ ಬುಡದಿಂದ ತುದಿಗೆ ಇಳಿಯುತ್ತ ಹೋಗುತ್ತದೆ. ಹಿತ್ತಾಳೆ ಅಥವಾ ಕಂಚಿನ, ಗಿಡ್ಡನೆಯ, ಅಗಲ ಎಲೆಗಳ ಪ್ರೊಪೆಲ್ಲರ್ ಸಿಕ್ಕರೆ ಅದು ದೋಣಿಯದ್ದು. ಮುಂದೆ ಓದುವ ಅಗತ್ಯವಿಲ್ಲ.

ಮರದ್ದಾದರೆ ಎಚ್ಚರ ಇನ್ನೂ ಹೆಚ್ಚಿರಲಿ. ಹೋಟೆಲ್, ರೆಸಾರ್ಟ್ ಗೋಡೆಗಳಿಗೆಂದೇ ಮಾಡಿದ ಅಲಂಕಾರದ ಪ್ರೊಪೆಲ್ಲರ್‌ಗಳು ಈಗ ಧಾರಾಳವಾಗಿ ಸಿಗುತ್ತವೆ. ಅಸಲಿ ಮರದ ಪ್ರೊಪೆಲ್ಲರ್ ಒಂದೇ ಹಲಗೆಯದಲ್ಲ. ಹಲವು ಪದರಗಳನ್ನು ಅಂಟಿಸಿ, ಒಣಗಿಸಿ, ಕೆತ್ತಿದ್ದು. ಹಾಗೆ ಕೆತ್ತಿದಾಗ ಪದರಗಳ ಅಂಟಿನ ಗೆರೆಗಳು ಮೈಮೇಲೆ ಉದ್ದನೆಯ ಬಳುಕುವ ರೇಖೆಗಳಾಗಿ ಕಾಣುತ್ತವೆ. ನಕಲಿಯಲ್ಲಿ ಹಬ್‌ನ, ಅಂದರೆ ಬ್ಲೇಡುಗಳು ಕೂಡುವ ನಡುಭಾಗದ, ಬೋಲ್ಟ್ ತೂತುಗಳು ಆರಪಾರ ಹೋಗಿರುವುದಿಲ್ಲ, ಇಲ್ಲವೇ ಬೋಲ್ಟ್ ಕೂತು ಒತ್ತಿದ ಗುರುತೇ ಇರುವುದಿಲ್ಲ. ತಿರುಚು ಹೆಸರಿಗಷ್ಟೇ ಇರುತ್ತದೆ. ಹಳೆಯದೆಂದು ತೋರಿಸಲು ಬಳಿದ ಕಂದು ಪಾಲಿಶ್ ತೂತಿನ ಒಳಗೂ ಹೋಗಿದ್ದರೆ ಅನುಮಾನ ಪಡಲು ಅಷ್ಟು ಸಾಕು.

ಅಯಸ್ಕಾಂತ, ಟೇಪು ಮತ್ತು ಒಂದು ಸಣ್ಣ ಪರೀಕ್ಷೆ

ಸಣ್ಣ ಅಯಸ್ಕಾಂತವೊಂದನ್ನು ಬ್ಲೇಡಿನ ನಡುಭಾಗಕ್ಕೆ ತಾಗಿಸಿ. ಅಂಟಿಕೊಂಡರೆ ಬ್ಲೇಡ್ ಉಕ್ಕಿನದು, ಬಹುಮಟ್ಟಿಗೆ ಟೊಳ್ಳು ಉಕ್ಕಿನದು. ಇದು ದೊಡ್ಡ ಸುಳಿವು. ಯುದ್ಧಕಾಲದ ಅಮೆರಿಕದಲ್ಲಿ ಟೊಳ್ಳು ಉಕ್ಕಿನ ಬ್ಲೇಡುಗಳಿಗೆ ಹೆಸರಾದ ಕಂಪನಿಗಳು ಮುಖ್ಯವಾಗಿ ಎರಡು: ಕರ್ಟಿಸ್ ಮತ್ತು ಏರೋಪ್ರಾಡಕ್ಟ್ಸ್. ಕರ್ಟಿಸ್‌ನ ವಿದ್ಯುತ್ ಪ್ರೊಪೆಲ್ಲರ್‌ನಲ್ಲಿ ಬ್ಲೇಡಿನ ಕೋನವನ್ನು ಬದಲಿಸುತ್ತಿದ್ದುದು ವಿದ್ಯುತ್ ಮೋಟಾರ್. ಅಸ್ಸಾಂನಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಹೊತ್ತ ಸಿ-46 ಕಮಾಂಡೋ ವಿಮಾನಗಳಿಗೂ ಅನೇಕ ಪಿ-47 ಥಂಡರ್‌ಬೋಲ್ಟ್ ಯುದ್ಧವಿಮಾನಗಳಿಗೂ ಅದೇ ಜಾತಿಯ ಪ್ರೊಪೆಲ್ಲರ್ ಇತ್ತು. ಬುಡದ ಉಂಗುರಕ್ಕೆ ಮಾತ್ರ ಅಯಸ್ಕಾಂತ ಅಂಟಿ ಉಳಿದ ಮೈಗೆ ಅಂಟದಿದ್ದರೆ ಬ್ಲೇಡ್ ಅಲ್ಯೂಮಿನಿಯಂ, ಉಂಗುರ ಬೇರಿಂಗಿನ ಭಾಗ ಎಂದು ತಿಳಿಯಿರಿ.

ಈಗ ಅಳತೆ. ಬುಡದ ಕೊನೆಯಿಂದ ತುದಿಯವರೆಗಿನ ಉದ್ದ, ಅತಿ ಅಗಲದ ಜಾಗದ ಅಗಲ, ಬುಡದ ವ್ಯಾಸ ಈ ಮೂರನ್ನು ಇಂಚಿನಲ್ಲಿಯೂ ಮಿಲಿಮೀಟರಿನಲ್ಲಿಯೂ ಬರೆದುಕೊಳ್ಳಿ. ಬ್ರಿಟಿಷ್, ಅಮೆರಿಕನ್ ಬ್ಲೇಡಾದರೆ ಇಂಚಿನ ಲೆಕ್ಕ ಸರಿಹೊಂದುತ್ತದೆ, ರಷ್ಯದ್ದಾದರೆ ಮಿಲಿಮೀಟರ್. ಪುಸ್ತಕಗಳಲ್ಲಿ ಕೊಡುವುದು ಇಡೀ ಪ್ರೊಪೆಲ್ಲರ್‌ನ ವ್ಯಾಸ. ಅದರ ಅರ್ಧ ಎಂದರೆ ಹಬ್‌ನ ನಡುಬಿಂದುವಿನಿಂದ ತುದಿಯವರೆಗಿನ ದೂರ. ಬಿಡಿ ಬ್ಲೇಡ್ ಆ ಅರ್ಧಕ್ಕಿಂತ ಕೆಲವು ಇಂಚು ಗಿಡ್ಡವಿರುತ್ತದೆ, ಏಕೆಂದರೆ ನಡುವಿನ ಜಾಗ ಹಬ್‌ನದು. ಎರಡು ಎಂಜಿನ್‌ಗಳ ಡಕೋಟಾ ಸಾಗಣೆ ವಿಮಾನದ ಪ್ರೊಪೆಲ್ಲರ್ ವ್ಯಾಸ ಸುಮಾರು ಹನ್ನೊಂದೂವರೆ ಅಡಿ, ಹಾಗಾಗಿ ಅದರ ಒಂದು ಬ್ಲೇಡ್ ಐದೂವರೆ ಅಡಿಯ ಆಸುಪಾಸು. ಹಾರ್ವರ್ಡ್ ತರಬೇತಿ ವಿಮಾನದ್ದು 9 ಅಡಿ ವ್ಯಾಸ, ಬ್ಲೇಡ್ ನಾಲ್ಕು ಅಡಿಗಿಂತ ತುಸು ಹೆಚ್ಚು. ಎಎನ್-32 ಸಾಗಣೆ ವಿಮಾನದ್ದು 4.7 ಮೀಟರ್ ವ್ಯಾಸ. ಅದರ ಬ್ಲೇಡನ್ನು ಒಬ್ಬರೇ ಎತ್ತಲು ಹೋಗಬೇಡಿ.

ತಿರುಗುವ ದಿಕ್ಕಿನ ಪರೀಕ್ಷೆ ನನಗೆ ಬಹಳ ಇಷ್ಟ, ಏಕೆಂದರೆ ಇದಕ್ಕೆ ಯಾವ ಉಪಕರಣವೂ ಬೇಡ. ಬ್ಲೇಡನ್ನು ತುದಿ ಮೇಲಾಗಿ ಗೋಡೆಗೆ ಒರಗಿಸಿ, ಚಪ್ಪಟೆ ಮೈ ನಿಮ್ಮ ಕಡೆಗಿರಲಿ. ಈಗ ನೀವು ನಿಂತಿರುವುದು ಪೈಲಟ್ ಕೂರುವ ಕಡೆ. ಗಾಳಿ ಸೀಳುವ ದುಂಡು ಅಂಚು ನಿಮ್ಮ ಬಲಕ್ಕಿದ್ದರೆ ಅದು ಗಡಿಯಾರದ ಮುಳ್ಳಿನಂತೆ ತಿರುಗುವ ಬಲಗೈ ಪ್ರೊಪೆಲ್ಲರ್. ಎಡಕ್ಕಿದ್ದರೆ ಎಡಗೈ. ಅಮೆರಿಕದ ಬಹುತೇಕ ಎಂಜಿನ್‌ಗಳು ಬಲಗೈ. ಬ್ರಿಟಿಷ್ ಯುದ್ಧವಿಮಾನಗಳಾದ ಸ್ಪಿಟ್‌ಫೈರ್, ಹರಿಕೇನ್‌ಗಳ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ ಕೂಡ ಬಲಗೈ. ಆದರೆ ನಂತರದ ಸ್ಪಿಟ್‌ಫೈರ್‌ಗಳ ಗ್ರಿಫನ್ ಎಂಜಿನ್ ಎಡಗೈ, ಟೈಗರ್ ಮಾತ್ ತರಬೇತಿ ವಿಮಾನದ ಜಿಪ್ಸಿ ಮೇಜರ್ ಎಂಜಿನ್ ಕೂಡ ಎಡಗೈ. ಬ್ಲೇಡ್ ಎಡಗೈ ಎಂದು ತಿಳಿದ ಕ್ಷಣಕ್ಕೆ ಅರ್ಧ ಪಟ್ಟಿ ಅಳಿಸಿಹೋಗುತ್ತದೆ. 'ಇದು ಡಕೋಟಾದ್ದು' ಎಂದು ಮಾರಲು ಬಂದವರ ಮಾತನ್ನು ಇದೊಂದೇ ಪರೀಕ್ಷೆಯಿಂದ ಅಲ್ಲಗಳೆಯಬಹುದು.

ಬುಡದ ಅಕ್ಷರಗಳನ್ನು ಎಬ್ಬಿಸುವುದು

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಲೋಹದ ಬ್ಲೇಡಿನ ಗುರುತುಗಳು ಸಾಮಾನ್ಯವಾಗಿ ಎರಡು ಕಡೆ ಇರುತ್ತವೆ. ಬುಡಕ್ಕೆ ಹತ್ತಿರದ ಮೈಮೇಲೆ ಬಣ್ಣದಲ್ಲಿ ಬರೆದದ್ದು ಒಂದು. ಬುಡದ ಕೊನೆಯ ವೃತ್ತಾಕಾರದ ಮುಖದ ಮೇಲೆ ಪಂಚ್ ಮಾಡಿದ್ದು ಇನ್ನೊಂದು. ಬಣ್ಣದ ಬರಹ ಅಳಿದರೂ ಪಂಚ್ ಉಳಿಯುತ್ತದೆ, ಏಕೆಂದರೆ ಆ ಮುಖ ಹಬ್‌ನ ಒಳಗೆ ಗ್ರೀಸಿನಲ್ಲಿ ಮುಳುಗಿಕೊಂಡಿರುತ್ತದೆ.

ಬೈಲಹೊಂಗಲದ ಕಡೆಯ ಒಂದು ತೋಟದಲ್ಲಿ ಇಂತಹ ಬ್ಲೇಡೊಂದು ನೀರಿನ ಕಾಲುವೆಗೆ ಅಡ್ಡಲಾಗಿ ಬಿದ್ದಿತ್ತು. ದಾಟುವ ಹಲಗೆಯಾಗಿ ದುಡಿದು ದುಡಿದು ಅದರ ಉಬ್ಬು ಮೈ ಕಾಲಿನ ಸವೆತಕ್ಕೆ ನುಣ್ಣಗಾಗಿತ್ತು, ಬಣ್ಣದ ಒಂದು ಚೂರೂ ಉಳಿದಿರಲಿಲ್ಲ. ಮನೆಯ ಹಿರಿಯರು ಅದು ಸಾಂಬ್ರಾದ ಕಡೆಯಿಂದ ಬಂದದ್ದೆಂದು ಹೇಳುತ್ತಿದ್ದರು. ಬುಡ ಮಣ್ಣಿನಲ್ಲಿ ಹೂತಿತ್ತು. ಅಗೆದು ಹೊರತೆಗೆದಾಗ ಕಂಡದ್ದು ಮಣ್ಣೂ ಗ್ರೀಸೂ ಕೂಡಿ ಕಲ್ಲಾದ ಕಪ್ಪು ಬಿಲ್ಲೆ. ಡೀಸೆಲ್ ಬಟ್ಟೆ ಸುತ್ತಿ, ಮರುದಿನ ಬಿದಿರಿನ ಚಕ್ಕೆಯಿಂದ ಕೆರೆದಾಗ ಬೂದು ಲೋಹ ಕಾಣಿಸಿತು, ಅಕ್ಷರ ಮಾತ್ರ ಕಾಣಲಿಲ್ಲ. ತೆಳು ಬಿಳಿ ಕಾಗದವನ್ನು ಅದರ ಮೇಲೆ ಬಿಗಿಯಾಗಿ ಹಿಡಿದು ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಉಜ್ಜಿದಾಗ ಮೊದಲು ಒಂದು 6 ಬಂತು, ಆಮೇಲೆ 3 ಅಥವಾ 8 ಎನ್ನಿಸುವಂತಹದ್ದು. ಮೊಬೈಲ್ ಟಾರ್ಚನ್ನು ಲೋಹದ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಹಿಡಿದಾಗ, ಇಳಿಹೊತ್ತಿನ ಬಿಸಿಲಿನಲ್ಲಿ ಹೊಲದ ಸಾಲುಗಳು ಎದ್ದು ಕಾಣುವಂತೆ ಉಳಿದ ಅಂಕಿಗಳೂ ಎದ್ದವು: 6353ಎ-18.

ಮೂರು ಮಾತು ನೆನಪಿಡಿ. ಬೆಳಕು ಮೇಲಿನಿಂದ ಬೇಡ, ಯಾವಾಗಲೂ ಪಕ್ಕದಿಂದ ಬರಲಿ, ಮತ್ತು ಅದನ್ನು ನಾಲ್ಕೂ ದಿಕ್ಕಿನಿಂದ ತಿರುಗಿಸಿ ನೋಡಿ. ಪೆನ್ಸಿಲ್ ಉಜ್ಜಿದ ಕಾಗದವನ್ನು ಎಸೆಯದೆ ಇಟ್ಟುಕೊಳ್ಳಿ, ಎಷ್ಟೋ ಸಲ ಫೋಟೋದಲ್ಲಿ ಸಿಗದ ಗೆರೆ ಕಾಗದದಲ್ಲಿ ಸಿಗುತ್ತದೆ. ಓದಲಾಗದ ಅಂಕಿಯನ್ನು ಊಹಿಸಿ ತುಂಬಬೇಡಿ, ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. 3ರ ಜಾಗದಲ್ಲಿ 8 ಬರೆದರೆ ಹುಡುಕಾಟ ದಾರಿ ತಪ್ಪುತ್ತದೆ.

ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಾಲ್ಕು ಅಂಕಿ, ಒಂದು ಅಕ್ಷರ, ಅಡ್ಡಗೆರೆ, ಮತ್ತೊಂದು ಸಣ್ಣ ಅಂಕಿ. ಈ ವಿನ್ಯಾಸ ಅಮೆರಿಕದ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯದು. 1929ರಲ್ಲಿ ಎರಡು ಪ್ರೊಪೆಲ್ಲರ್ ಕಂಪನಿಗಳು ಕೂಡಿ ಹುಟ್ಟಿದ ಸಂಸ್ಥೆ ಅದು. ಮುಂದಿನ ಅಂಕಿಗಳು ಬ್ಲೇಡಿನ ಮೂಲ ವಿನ್ಯಾಸವನ್ನು ಹೇಳುತ್ತವೆ. ಅಡ್ಡಗೆರೆಯ ನಂತರದ 18 ಎಂದರೆ ಮೂಲ ವಿನ್ಯಾಸದ ವ್ಯಾಸದಿಂದ 18 ಇಂಚು ಕಡಿಮೆ ಮಾಡಲಾಗಿದೆ ಎಂದು. ಇದು ಡಕೋಟಾ ವಿಮಾನಗಳಲ್ಲಿ ಸಾಮಾನ್ಯವಾಗಿದ್ದ ಬ್ಲೇಡ್. ಅದೇ ರೀತಿ 6101ಎ-12 ಎಂದಿದ್ದರೆ ಹಾರ್ವರ್ಡ್ ತರಬೇತಿ ವಿಮಾನವನ್ನು ಮೊದಲು ನೆನಪಿಸಿಕೊಳ್ಳಿ. ಭಾರತೀಯ ವಾಯುಪಡೆಯ ಎಷ್ಟೋ ಪೈಲಟ್‌ಗಳು ಕಲಿತದ್ದು ಅದರಲ್ಲಿಯೇ.

ಹಬ್ ಕೂಡ ಸಿಕ್ಕಿದ್ದರೆ ಅದೃಷ್ಟ. ಹ್ಯಾಮಿಲ್ಟನ್ ಹಬ್‌ನ ಮೇಲೆ 23ಇ50 ಎಂದಿದ್ದರೆ ಹೀಗೆ ಬಿಡಿಸಿ: 2 ವಿನ್ಯಾಸದಲ್ಲಿ ಮಾಡಿದ ಮಾರ್ಪಾಡಿನ ಅಂಕಿ, 3 ಬ್ಲೇಡುಗಳ ಸಂಖ್ಯೆ, 'ಇ' ಬ್ಲೇಡಿನ ಬುಡದ ಗಾತ್ರ, 50 ಎಂಜಿನ್ ಶಾಫ್ಟಿನ ಹಲ್ಲಿನ ಗಾತ್ರ. ಈಗ ಎಡವಬಹುದಾದ ಜಾಗಕ್ಕೆ ಬಂದೆವು. 23ಇ50 ಹಬ್ ಡಕೋಟಾದಲ್ಲಿತ್ತು. ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರ್‌ನಲ್ಲಿತ್ತು, ಫ್ಲೈಯಿಂಗ್ ಫೋರ್ಟ್ರೆಸ್‌ನಲ್ಲಿತ್ತು, ನೀರಿನ ಮೇಲೆ ಇಳಿಯುವ ಕ್ಯಾಟಲೀನಾದಲ್ಲಿಯೂ ಇತ್ತು. ಬುಡ ಒಂದೇ ಗಾತ್ರದ್ದಾದ್ದರಿಂದ ಬ್ಲೇಡುಗಳೂ ಹಂಚಿಹೋಗಿದ್ದವು. ದುರಸ್ತಿಗೆ ಬಂದ ಪ್ರೊಪೆಲ್ಲರನ್ನು ಬಿಚ್ಚಿ, ಬ್ಲೇಡುಗಳನ್ನು ಪರೀಕ್ಷಿಸಿ, ಉಗ್ರಾಣದಿಂದ ಹೊಂದುವ ಬ್ಲೇಡುಗಳನ್ನು ಜೋಡಿಸಿ, ಬೇರೆ ವಿಮಾನಕ್ಕೆ ಹಾಕುವುದು ದಿನನಿತ್ಯದ ಕೆಲಸ. ಒಂದು ಬ್ಲೇಡ್ ತನ್ನ ಆಯುಸ್ಸಿನಲ್ಲಿ ಹಲವು ವಿಮಾನಗಳನ್ನು ಎಳೆದಿರಬಹುದು.

ಬೈಲಹೊಂಗಲದ ಬ್ಲೇಡಿನ ಬಗ್ಗೆ ಹೇಳಬಹುದಾದದ್ದು ಇಷ್ಟೇ: ಹ್ಯಾಮಿಲ್ಟನ್ ವಿನ್ಯಾಸ, ಬಹುಶಃ ಡಕೋಟಾ. ಆ ಡಕೋಟಾ ಬ್ರಿಟಿಷರದ್ದೋ, ಅಮೆರಿಕನ್ನರದ್ದೋ, ಸ್ವಾತಂತ್ರ್ಯದ ನಂತರದ ನಮ್ಮ ವಾಯುಪಡೆಯದ್ದೋ, 1953ರಲ್ಲಿ ಖಾಸಗಿ ಕಂಪನಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಇಂಡಿಯನ್ ಏರ್‌ಲೈನ್ಸ್‌ನದ್ದೋ ಎಂಬುದನ್ನು ಆ ಸಂಖ್ಯೆಯೊಂದೇ ಹೇಳುವುದಿಲ್ಲ. ನಾಲ್ವರ ಬಳಿಯೂ ಡಕೋಟಾಗಳಿದ್ದವು. ಬೆಂಗಳೂರಿನ ಪಾತ್ರವನ್ನೂ ಮರೆಯಬಾರದು. 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ನಡುವೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಕರ್ನಾಟಕದಲ್ಲಿ ಅಮೆರಿಕನ್ ಬ್ಲೇಡ್ ಸಿಕ್ಕರೆ ಸಾಂಬ್ರಾಕ್ಕಿಂತ ಬೆಂಗಳೂರಿನ ದಾರಿಯನ್ನೇ ನಾನು ಮೊದಲು ಶಂಕಿಸುತ್ತೇನೆ.

ಕಂಪನಿಯ ಹೆಸರನ್ನು ನಂಬುವಾಗಲೂ ಸ್ವಲ್ಪ ತಾಳ್ಮೆ ಬೇಕು. ಯುದ್ಧಕಾಲದಲ್ಲಿ ಬೇಡಿಕೆ ಪೂರೈಸಲಾಗದೆ ಹ್ಯಾಮಿಲ್ಟನ್ ತನ್ನ ವಿನ್ಯಾಸವನ್ನು ಬೇರೆಯವರಿಗೂ ಕೊಟ್ಟಿತು. ಫ್ರಿಜ್ ಮಾಡುತ್ತಿದ್ದ ಫ್ರಿಜಿಡೇರ್, ನ್ಯಾಶ್-ಕೆಲ್ವಿನೇಟರ್, ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಎಲ್ಲರೂ ಪ್ರೊಪೆಲ್ಲರ್ ತಯಾರಿಸಿದರು. ಮಾರುವವರು 'ಇದರ ಮೇಲೆ ಕೆಲ್ವಿನೇಟರ್ ಎಂದಿದೆ, ಯಾವುದೋ ಫ್ರಿಜ್ ಕಂಪನಿಯ ಫ್ಯಾನ್' ಎಂದು ಕಡಿಮೆ ಬೆಲೆಗೆ ಕೊಡಲು ಬಂದರೆ ಸುಮ್ಮನೆ ತೆಗೆದುಕೊಳ್ಳಿ.

ಬ್ರಿಟನ್ನಿನಲ್ಲಿ ಡಿ ಹ್ಯಾವಿಲೆಂಡ್ ಕಂಪನಿ 1930ರ ದಶಕದಿಂದ ಹ್ಯಾಮಿಲ್ಟನ್ ಪರವಾನಗಿಯಲ್ಲಿ ಲೋಹದ ಪ್ರೊಪೆಲ್ಲರ್ ಮಾಡುತ್ತಿತ್ತು. ಹಾಗಾಗಿ ಆಕಾರ ಅಮೆರಿಕದ್ದೆನಿಸಿ ಮೊಹರು ಬ್ರಿಟಿಷರದ್ದಿರುವ ಬ್ಲೇಡೂ ಸಿಗಬಹುದು. ಅಲ್ಲಿನ ಇನ್ನೊಂದು ದೊಡ್ಡ ಹೆಸರು ರೋಟಾಲ್. ರೋಲ್ಸ್ ರಾಯ್ಸ್ ಮತ್ತು ಬ್ರಿಸ್ಟಲ್ ಸೇರಿ 1937ರಲ್ಲಿ ಕಟ್ಟಿದ ಕಂಪನಿ. ಸ್ಪಿಟ್‌ಫೈರ್, ಹರಿಕೇನ್‌ಗಳ ರೋಟಾಲ್ ಬ್ಲೇಡುಗಳಲ್ಲಿ ಎಷ್ಟೋ ಮರದವು ಎಂದರೆ ಜನ ನಂಬುವುದಿಲ್ಲ. ಅದು ಬಡಗಿಯ ಮರವಲ್ಲ. ತೆಳು ಹಾಳೆಗಳನ್ನು ರಾಳದಲ್ಲಿ ಅದ್ದಿ ಭಾರೀ ಒತ್ತಡದಲ್ಲಿ ಒತ್ತಿದ್ದು. ಜಾಬ್ಲೋ, ಹೈಡುಲಿಗ್ನಮ್ ಎಂಬ ಹೆಸರುಗಳಿದ್ದವು. ಬುಡವನ್ನು ಲೋಹದ ತೋಳಿಗೆ ತಿರುಪಿ ಕೂರಿಸಿ, ಮೈಗೆ ಪ್ಲಾಸ್ಟಿಕ್ ಜಾತಿಯ ಹೊದಿಕೆ ಹಾಕಿ, ಗಾಳಿ ಸೀಳುವ ಅಂಚಿಗೆ ಹಿತ್ತಾಳೆ ಪಟ್ಟಿ ಹೊಡೆದಿರುತ್ತಾರೆ. ಇವು ನೆಲಕ್ಕೆ ಬಡಿದರೆ ಬಾಗುವುದಿಲ್ಲ, ಸೀಳಿ ಚೂರಾಗುತ್ತವೆ. ಆದ್ದರಿಂದ ಲೋಹದ ತೋಳಿನಿಂದ ಸಿಗುರು ಸಿಗುರಾಗಿ ಎದ್ದ ಮರದ ಮೋಟು ಮಾತ್ರ ಸಿಕ್ಕರೆ ಅದನ್ನು ಒಲೆಗೆ ಹಾಕುವ ಮೊದಲು ಒಮ್ಮೆ ಯೋಚಿಸಿ.

ರಷ್ಯದ ಬ್ಲೇಡುಗಳದು ಬೇರೆ ಪಜೀತಿ. ಅವುಗಳ ಮೇಲೆ ಇಂಗ್ಲಿಷಿನ 'ಎಬಿ-68' ಎಂದು ಓದಿಸಿಕೊಳ್ಳುವ ಅಕ್ಷರಗಳಿರುತ್ತವೆ. ಅದು ರಷ್ಯನ್ ಲಿಪಿ, ಓದಬೇಕಾದ್ದು ಎವಿ-68 ಎಂದು. ಆ ಸರಣಿ ಎಎನ್-12 ಮತ್ತು ಎಎನ್-32 ಸಾಗಣೆ ವಿಮಾನಗಳದ್ದು. ನಮ್ಮ ವಾಯುಪಡೆ ಮೊದಲನೆಯದನ್ನು 1961ರಿಂದ, ಎರಡನೆಯದನ್ನು 1984ರಿಂದ ಬಳಸಿತು. ಇಂಗ್ಲಿಷಿನಲ್ಲಿ ಹುಡುಕಿದರೆ ಏನೂ ಸಿಗದೆ ಕೈಬಿಡುವವರೇ ಹೆಚ್ಚು.

ಎರಡೂ ಬ್ಲೇಡ್ ಮತ್ತು ನಡುವಿನ ಹಬ್ ಒಂದೇ ತುಂಡಾಗಿರುವ ಲೋಹದ ಪ್ರೊಪೆಲ್ಲರ್ ಆದರೆ ಅದು ಫ್ಲೈಯಿಂಗ್ ಕ್ಲಬ್‌ನ ಸಣ್ಣ ವಿಮಾನದ್ದು. ಇವುಗಳ ಸಂಖ್ಯೆಯಲ್ಲಿಯೇ ಅಳತೆ ಅಡಗಿರುತ್ತದೆ. ಮೆಕಾಲಿ ಕಂಪನಿಯ 1ಸಿ160/ಡಿಟಿಎಂ7557 ಎಂದರೆ 75 ಇಂಚು ವ್ಯಾಸ, 57 ಇಂಚು ಪಿಚ್ (ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಮುಂದೆ ಸಾಗುವ ದೂರ). ಸೆನ್ಸೆನಿಚ್‌ನ 74ಡಿಎಂ6 ಎಂದರೆ 74 ಇಂಚು. ಗೋಡೆಗೆ ಇದೂ ಚೆಂದವೇ. ಆದರೆ ಯುದ್ಧದ ಕಥೆಯನ್ನು ಇದಕ್ಕೆ ಅಂಟಿಸಬೇಡಿ.

ಮರದ ಪ್ರೊಪೆಲ್ಲರ್ ಆದರೆ

ಅಸಲಿ ಎಂದು ಖಚಿತವಾದ ಮೇಲೆ ನೋಡಬೇಕಾದ್ದು ಹಬ್‌ನ ಪಕ್ಕ ಮತ್ತು ಬೋಲ್ಟ್ ತೂತುಗಳ ಸುತ್ತ. ಬಿಸಿ ಅಥವಾ ಒತ್ತು ಅಚ್ಚಿನಲ್ಲಿ ಡ್ರಾಯಿಂಗ್ ಸಂಖ್ಯೆ, ಎಂಜಿನ್ನಿನ ಹೆಸರು ಅಥವಾ ಅಶ್ವಶಕ್ತಿ, 'ಡಿ' ಎಂದು ವ್ಯಾಸ, 'ಪಿ' ಎಂದು ಪಿಚ್, ಎಡಗೈಯೋ ಬಲಗೈಯೋ ಎಂಬ ಗುರುತು ಇರುತ್ತವೆ. ಬ್ರಿಟಿಷ್ ತಪಾಸಣಾ ಇಲಾಖೆಯ 'ಎಐಡಿ' ಮೊಹರೂ ಇರಬಹುದು. ಡ್ರಾಯಿಂಗ್ ಸಂಖ್ಯೆಗೆ ಹೆಚ್ಚು ಬೆಲೆ, ಸರಣಿ ಸಂಖ್ಯೆಗೆ ಕಡಿಮೆ. ಮೊದಲನೆಯದು ಮಾದರಿಯನ್ನು ಹೇಳುತ್ತದೆ, ಎರಡನೆಯದು ಕಾರ್ಖಾನೆಯ ಲೆಕ್ಕ.

ತುದಿಗೆ ಹಿತ್ತಾಳೆ ತಗಡು ಹೊದಿಸಿದ್ದರೆ ಅದರ ಕೊನೆಯಲ್ಲಿ ಸೂಜಿಯಷ್ಟು ಸಣ್ಣ ತೂತುಗಳಿವೆಯೇ ನೋಡಿ. ಒಳಗೆ ಸೇರಿದ ತೇವ, ತಿರುಗುವಾಗ ಹೊರಗೆ ಚಿಮ್ಮಿಹೋಗಲಿ ಎಂದು ಕೊರೆದವು. ಅಲಂಕಾರಕ್ಕೆ ಮಾಡುವವರಿಗೆ ಇದು ಹೊಳೆಯುವುದಿಲ್ಲ. ನಮ್ಮಲ್ಲಿ ಸಿಗಬಹುದಾದ ಮರದ ಪ್ರೊಪೆಲ್ಲರ್‌ಗಳಲ್ಲಿ ಟೈಗರ್ ಮಾತ್‌ನದೇ ಹೆಚ್ಚು ಸಂಭವನೀಯ. ಯುದ್ಧಕಾಲದಲ್ಲಿ ಹೈದರಾಬಾದಿನ ಬೇಗಂಪೇಟೆ ಮತ್ತು ಜೋಧ್‌ಪುರದ ಶಾಲೆಗಳಲ್ಲಿ ಹಾರಾಟದ ಮೊದಲ ಪಾಠ ಆ ವಿಮಾನದಲ್ಲಿಯೇ ನಡೆಯುತ್ತಿತ್ತು. ಎರಡು ಬ್ಲೇಡು, ಆರಡಿಗಿಂತ ತುಸು ಹೆಚ್ಚು ಉದ್ದ, ಎಡಗೈ. ಮೂರೂ ಹೊಂದಿದರೆ ಆ ದಿಕ್ಕಿನಲ್ಲಿ ಹುಡುಕಿ.

ಬಾಗಿದ ಬ್ಲೇಡ್ ಕೊಡುವ ಸಾಕ್ಷಿ

ಬ್ಲೇಡ್ ಬಾಗಿದೆ ಎಂದ ಕೂಡಲೇ ಅಪಘಾತ ಎನ್ನಬೇಡಿ. ಗುಜರಿಯಲ್ಲಿ ಜೆಸಿಬಿ ತುಳಿದರೂ ಅದು ಬಾಗುತ್ತದೆ. ಅಂಚನ್ನು ನೋಡಿ. ಎಂಜಿನ್ ಶಕ್ತಿ ಕೊಡುತ್ತಿದ್ದಾಗ ನೆಲಕ್ಕೆ ಬಡಿದಿದ್ದರೆ ಗಾಳಿ ಸೀಳುವ ಅಂಚಿನಲ್ಲಿ ಕಚ್ಚುಗಳಿರುತ್ತವೆ, ಮೈಮೇಲೆ ಅಗಲಕ್ಕೆ ಗೀರುಗಳಿರುತ್ತವೆ, ತುದಿ ಮುಂದಕ್ಕೆ ಸುರುಳಿಯಾಗಿರಬಹುದು ಅಥವಾ ಬ್ಲೇಡ್ ಇಂಗ್ಲಿಷಿನ 'ಎಸ್' ಅಕ್ಷರದಂತೆ ತಿರುಚಿರಬಹುದು. ಎಂಜಿನ್ ನಿಂತಿದ್ದರೆ ಅಥವಾ ಶಕ್ತಿ ಬಹಳ ಕಡಿಮೆಯಿದ್ದರೆ ಸಾಮಾನ್ಯವಾಗಿ ಹಿಂದಕ್ಕೆ ಸರಳವಾಗಿ ಮಡಚುತ್ತದೆ, ಗೀರು ಹೆಚ್ಚಿರುವುದಿಲ್ಲ. ಚಕ್ರ ಇಳಿಸದೆ ರನ್‌ವೇ ಮೇಲೆ ಕೂತ ವಿಮಾನದ ಬ್ಲೇಡುಗಳೂ ಬಾಗುತ್ತವೆ, ಅಂತಹ ಘಟನೆಯಲ್ಲಿ ಯಾರಿಗೂ ಏನೂ ಆಗದಿರಬಹುದು. ಮನೆಯವರು ಕಟ್ಟಿಕೊಂಡ ದುರಂತದ ಕಥೆಗೆ ಈ ವಿವರ ಒಗ್ಗುವುದಿಲ್ಲ ಎಂಬುದು ಬೇರೆ ಮಾತು.

ಕಾಗದಪತ್ರದ ಹಾದಿ

ಸಂಖ್ಯೆ ಕೈಗೆ ಬಂದಮೇಲೆ ಅಮೆರಿಕದ ನಾಗರಿಕ ವಿಮಾನಯಾನ ಆಡಳಿತದ 'ಟೈಪ್ ಸರ್ಟಿಫಿಕೇಟ್ ಡೇಟಾ ಶೀಟ್'ಗಳನ್ನು ನೋಡಿ. ಉಚಿತವಾಗಿ ಸಿಗುತ್ತವೆ. ಯಾವ ಹಬ್‌ಗೆ ಯಾವ ಬ್ಲೇಡ್, ಎಷ್ಟು ವ್ಯಾಸ, ಯಾವ ವಿಮಾನಕ್ಕೆ ಎಂಬುದು ಅಲ್ಲಿದೆ. ಕಣ್ಣಾರೆ ಹೋಲಿಸಲು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯ, ದೆಹಲಿಯ ಪಾಲಂನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯ ಇವೆ. ಹೋಗುವಾಗ ಬ್ಲೇಡಿನ ಹೊರರೇಖೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಬರೆದು ಕತ್ತರಿಸಿ ಸುತ್ತಿಕೊಂಡು ಹೋಗಿ. ಫೋಟೋಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ತುದಿ ದುಂಡೋ, ಚೌಕವೋ, ಬುಡ ಎಲ್ಲಿಂದ ಅಗಲವಾಗುತ್ತದೆ ಎಂಬುದನ್ನು ನಿಂತಲ್ಲಿಯೇ ಹೋಲಿಸಬಹುದು.

ಹತ್ತಿರದಲ್ಲಿ ವಿಮಾನ ಬಿದ್ದಿತ್ತು ಎಂಬ ಮಾತಿಗೆ ಆಧಾರ ಹುಡುಕುವುದಾದರೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬ್ರಿಟಿಷ್ ವಾಯುಪಡೆಯ ದಿನಚರಿಗಳಿವೆ. ಏರ್ 27 ಸರಣಿಯಲ್ಲಿ ಸ್ಕ್ವಾಡ್ರನ್‌ಗಳದ್ದು, ಏರ್ 28ರಲ್ಲಿ ನಿಲ್ದಾಣಗಳದ್ದು. ಕೇಳುವಾಗ ಬೆಳಗಾವಿ ಎನ್ನದೆ ಆ ಕಾಲದ 'ಬೆಲ್ಗಾಂ' ಎಂಬ ಕಾಗುಣಿತವನ್ನೇ ಕೊಡಿ. ಅಮೆರಿಕದ ವಿಮಾನವಾದರೆ 1943ರಿಂದ ಬರೆಯತೊಡಗಿದ ಕಾಣೆಯಾದ ಸಿಬ್ಬಂದಿಯ ವರದಿಗಳಿವೆ. ಪೈಲಟ್ ಸತ್ತಿದ್ದ ಎಂಬ ಮಾತಿದ್ದರೆ ಕಾಮನ್‌ವೆಲ್ತ್ ಸಮಾಧಿ ಆಯೋಗದ ಪಟ್ಟಿಯಲ್ಲಿ ದಿನಾಂಕ ಹಿಡಿದು ಹುಡುಕಬಹುದು. ಪುಣೆಯ ಖಡಕಿಯ ಯುದ್ಧ ಸ್ಮಶಾನ ನಮಗೆ ಹತ್ತಿರದ್ದು.

ಊರಿನ ನೆನಪುಗಳನ್ನು ಕಡೆಗಣಿಸಬೇಡಿ, ಆದರೆ ಕೇಳುವ ಕ್ರಮ ಇರಲಿ. 'ಇದು ಬ್ರಿಟಿಷರ ವಿಮಾನದ್ದೇ ತಾನೇ?' ಎಂದು ಕೇಳಿದರೆ ಹೌದು ಎಂಬ ಉತ್ತರವೇ ಬರುತ್ತದೆ. 'ಅಜ್ಜಾ, ಇದು ಮನೆಗೆ ಬಂದಾಗ ನೀವು ಎಷ್ಟು ದೊಡ್ಡವರಿದ್ದಿರಿ? ಯಾರು ತಂದರು? ಗಾಡಿಯಲ್ಲಿಯೋ ಲಾರಿಯಲ್ಲಿಯೋ?' ಎಂದು ಕೇಳಿ. ಲಾರಿ, ಡಿಸ್ಪೋಸಲ್, ಹರಾಜು ಎಂಬ ಮಾತು ಬಂದರೆ ಗುಜರಿಯ ಹಾದಿ. ಚಕ್ಕಡಿಯಲ್ಲಿ ಹೊಲದಿಂದ ತಂದರು ಎಂದರೆ ಆ ಹೊಲದ ಹೆಸರು, ಅಂದಿನ ಬೆಳೆ, ಮಳೆಗಾಲವೋ ಬೇಸಿಗೆಯೋ ಎಂಬುದನ್ನೆಲ್ಲ ಬರೆದುಕೊಳ್ಳಿ. ಪತ್ರಾಗಾರದಲ್ಲಿ ಕೊನೆಗೆ ಕೆಲಸಕ್ಕೆ ಬರುವುದು ಈ ವಿವರಗಳು.

ದಾಖಲೆ ಮತ್ತು ಜೋಪಾನ

ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ. ಬ್ಲೇಡಿನ ಮೇಲೆ ಓದಿದ್ದು, ಅದರಿಂದ ಊಹಿಸಿದ್ದು, ಜನ ಹೇಳಿದ್ದು. ಒಂದರದ್ದು ಇನ್ನೊಂದರಲ್ಲಿ ಬೆರೆಯದಿರಲಿ. ಪೆನ್ಸಿಲ್ ಉಜ್ಜಿದ ಕಾಗದವನ್ನೂ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೋಗಳನ್ನೂ ಅದರ ಜೊತೆಗಿಡಿ. ಬುಡದಲ್ಲಿ ದುರಸ್ತಿ ಕೇಂದ್ರದ ನಂತರದ ವರ್ಷದ ಮೊಹರು ಕಂಡರೆ ಅದನ್ನು ಪ್ರತ್ಯೇಕವಾಗಿ ಬರೆಯಿರಿ. 1953ರ ಮೊಹರಿರುವ ಬ್ಲೇಡ್ 1944ರಲ್ಲಿ ಬಿದ್ದ ವಿಮಾನದ್ದಾಗಿರಲು ಸಾಧ್ಯವಿಲ್ಲ. ನೂರು ವರ್ಷ ದಾಟಿದ ಮರದ ಪ್ರೊಪೆಲ್ಲರ್ ಆದರೆ ಅದನ್ನು ವಿದೇಶಕ್ಕೆ ಕಳುಹಿಸುವ ಮಾತಿಗೆ ಮುನ್ನ 1972ರ ಪುರಾತನ ವಸ್ತುಗಳ ಕಾಯ್ದೆಯನ್ನು ತಿಳಿದವರನ್ನು ಕೇಳಿ.

ಗೋಡೆಗೆ ತೂಗುಹಾಕಲು ಬ್ಲೇಡಿಗೆ ತೂತು ಕೊರೆಯಬೇಡಿ. ಬುಡವನ್ನು ಹಿಡಿಯುವ ಕಬ್ಬಿಣದ ಕ್ಲ್ಯಾಂಪ್ ಮಾಡಿಸಿ, ಲೋಹಕ್ಕೂ ಕ್ಲ್ಯಾಂಪಿಗೂ ನಡುವೆ ರಬ್ಬರ್ ಹಾಳೆ ಕೊಡಿ. ಅಲ್ಯೂಮಿನಿಯಂ ಮತ್ತು ಕಬ್ಬಿಣ ನೇರವಾಗಿ ತಾಗಿಕೊಂಡರೆ ಬೆಳಗಾವಿಯ ಮಳೆಗಾಲದ ತೇವದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಪಂಚ್ ಸಂಖ್ಯೆಯಿರುವ ಮುಖ ಗೋಡೆಯ ಕಡೆ ಹೋಗದಂತೆ ನೋಡಿಕೊಳ್ಳಿ. ಹಳೆಯ ಬ್ಲೇಡ್ ಎಷ್ಟೇ ನೇರವಾಗಿ, ಗಟ್ಟಿಯಾಗಿ ಕಂಡರೂ ಅದನ್ನು ಮತ್ತೆ ಯಾವ ಎಂಜಿನ್ನಿಗೂ ಜೋಡಿಸಿ ತಿರುಗಿಸಬೇಡಿ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ.